ಇತ್ತು, ಇರಲಿಲ್ಲ
ಇದನ್ನು ಹೇಳುವುದನ್ನು ಇಷ್ಟು ವರ್ಷ ಮುಂದೂಡಿದೆ. ಉರ್ದು ಶಾಲೆಯಲ್ಲಿ ಓದಿದ್ದ ನಮ್ಮಂಥ ಗುಮಾಸ್ತರಿಗೆ ವಾಡಿಯಲ್ಲಿ ಒಬ್ಬ ಮಾಸ್ತರರು ಕನ್ನಡ ಕಲಿಸುತ್ತಿದ್ದರು. ಭೂತಕಾಲ ರೂಢಿಯಾಗಲೆಂದು, ಹೋಗಿಬಂದ ಊರುಗಳ ಕಥೆ ಹೇಳಿಸುತ್ತಿದ್ದರು. ಮಾಸ್ತರರು ಸ್ವತಃ ಪಕ್ಕದ ಶಹಾಬಾದ ದಾಟಿದವರಲ್ಲ. ಸೀಮೆಸುಣ್ಣವನ್ನು ಕಿವಿಗೆ ಸಿಕ್ಕಿಸಿಕೊಂಡು, ಮುಂದೆ ಬಾಗಿ, “ಮುಂದೇನಾತ್ರಿ?” ಎನ್ನುತ್ತಿದ್ದರು.

ನಾನೂ ಎಲ್ಲಿಗೂ ಹೋದವನಲ್ಲ. ನಾಚಿಕೆಗೆ ಮುಂಬಯಿಯ ಕಥೆ ಕಟ್ಟಿದೆ. “ಸ್ಟೇಷನ್ ಎದುರಿಗೇ ಧರ್ಮಶಾಲೆ ಇತ್ತು. ಪುಕ್ಕಟೆ ಮಲಗಿದೆ.”

“ಭೇಷ್! ಕ್ರಿಯಾಪದ ಎಲ್ಲಾ ಸರಿ ಅವ್ರಿ.”

ಮಾಸ್ತರರು ಅದನ್ನೇ ನಂಬಿ, ತಮ್ಮ ಮುದಿ ತಾಯಿಗೆ ಸಮುದ್ರ ತೋರಿಸಲು ಹೊರಟರು. ಫುಟ್‌ಪಾತಿನಲ್ಲಿ ರಾತ್ರಿ ಕಳೆದು, ತಾಯಿಗೆ ಜ್ವರ ಬಂದು, ಸಮುದ್ರ ನೋಡದೆಯೇ ಮರಳಿದರು.

ತರಗತಿಯಲ್ಲಿ ನನ್ನನ್ನು ಎಬ್ಬಿಸಿದರು. “ಸಾಹೇಬರ, ಧರ್ಮಶಾಲೆ ‘ಇತ್ತು’ ಅಲ್ರಿ. ‘ಇರಲಿಲ್ಲ’ ಅನ್ರಿ.”

“ಇರಲಿಲ್ಲ,” ಎಂದೆ.

“ಹಾಂ, ಈಗ ಸರಿ ಆತು. ಮುಂದೇನಾತ್ರಿ?”

‘ತಪ್ಪಾಯಿತು’ ಎಂಬುದೂ ಭೂತಕಾಲವೇ. ಕಲಿಸಿದ ಆ ಮಾಸ್ತರರಿಗೆ ಅದೊಂದನ್ನು ಹೇಳಲೇ ಇಲ್ಲ.