ಜರ್ಮನಿ ಮೇಡಂ ಮತ್ತು ನಮ್ಮ ಕುಲುಮೆ

ನಮ್ಮ ಹಿಸ್ಟರಿ ಮೇಡಂ ಪುಟ್ಟಲಕ್ಷ್ಮಮ್ಮ ಜರ್ಮನಿಯ ಹೆಂಗಸರ ವಿಷಯ ಎತ್ತಿದರೆ, ಅವರೆಲ್ಲ ನಾಗಮಂಗಲದ ಪಕ್ಕದಲ್ಲೇ ಎಲ್ಲೋ ಇದ್ದಾರೆ, ಬೆಳಿಗ್ಗೆ ಬಸ್ಸಿನಲ್ಲಿ ಸಿಕ್ಕಿ ಕಷ್ಟಸುಖ ಹೇಳಿಕೊಂಡು ಇಳಿದುಹೋದರು ಅನ್ನಿಸುತ್ತಿತ್ತು. ಆ ಹೆಂಗಸರು ಸತ್ತು ನಾನೂರು ವರ್ಷವಾಗಿದೆ ಎಂಬುದು ಮೇಡಂಗೆ ಲೆಕ್ಕಕ್ಕೇ ಇಲ್ಲ. "ಆ ಮಾರ್ಗರೇಟಮ್ಮ ಅವ್ಳಲ್ಲ, ರೊಟ್ಟಿ ಸುಡೋನ ಹೆಂಡ್ರು..." ಎಂದು ಶುರು ಮಾಡಿದರೆ ಗಂಟೆ ಹೊಡೆದದ್ದೂ ಅವರಿಗೆ ಕೇಳಿಸುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವೆ ನಾನು ಕೆ.ಆರ್. ಪೇಟೆಯಲ್ಲಿ ಬಿ.ಎ. ಓದುತ್ತಿದ್ದೆ. ನಮ್ಮ ಪಠ್ಯದಲ್ಲಿ ನಾನೂರು ವರ್ಷದ ಹಿಂದಿನ ಆ ಜರ್ಮನಿಗೆ ಸಿಕ್ಕಿದ್ದು ಎರಡು ಪುಟ. ಅದರಲ್ಲೂ ಬರೀ ಗಂಡಸರು, ಪಾದ್ರಿಗಳು, ದೊರೆಗಳು, ಅವರ ಜಗಳ. ಮೇಡಂ ಮಾತ್ರ ರಜೆಯೆಲ್ಲ ಮೈಸೂರಿನ ಲೈಬ್ರರಿಯಲ್ಲಿ ಕೂತು, ಉದ್ದನೆಯ ನೋಟ್‌ಬುಕ್ಕಿನಲ್ಲಿ ಹೆಂಗಸರ ಸಮಾಚಾರವನ್ನೆಲ್ಲ ಬರೆದುಕೊಂಡು ಬಂದಿದ್ದರು. ಅದನ್ನು ಊಟದ ಡಬ್ಬಿಯ ಜೊತೆ ಒಂದೇ ಬ್ಯಾಗಿನಲ್ಲಿ ಇಡುತ್ತಿದ್ದುದರಿಂದ ನಮ್ಮ ಪಾಲಿನ ಜರ್ಮನಿಗೆ ಸದಾ ಉಪ್ಸಾರಿನ ವಾಸನೆ. ಪಾಠದ ಮೊದಲ ಐದು ನಿಮಿಷ ಪುಸ್ತಕದ ಕನ್ನಡ, ಆಮೇಲೆ ಅಪ್ಪಟ ನಾಗಮಂಗಲದ ಗೌಡರ ಮನೆ ಮಾತು.

"ನಿಮ್ಮೂರಲ್ಲಿ ಎಮ್ಮೆ ಹಾಲು ಬತ್ತುಸ್ಕಂಡ್ರೆ ದನಿನ್ ಡಾಕ್ಟ್ರುನ್ನ ಕರೀತೀರ. ಅಲ್ಲಿ ಪಕ್ಕದ ಮನೆ ಅಜ್ಜಿನ ಎಳ್ಕಂಡೋಗಿ, ಮಾಟಗಾತಿ ಅಂತ ಸುಟ್ಟಾಕ್ಬುಡೋರು. ಎಮ್ಮೆ ಹಾಲು ಕೊಡ್ತಾ? ಇಲ್ಲ. ಆಮ್ಯಾಕೆ ಏನ್ಮಾಡುದ್ರು? ಇನ್ನೊಂದಜ್ಜಿನ ಹುಡುಕುದ್ರು!"

ನಲವತ್ತು ದಾಟಿದ್ದರೂ ಮೇಡಂಗೆ ಮದುವೆ ಆಗಿರಲಿಲ್ಲ. ಸ್ಟಾಫ್ ರೂಮಿನ ಗಂಡಸರಿಗೆ ಅದೊಂದೇ ಚಿಂತೆ. ಯಾರೋ ಮೇಷ್ಟ್ರು, "ಯಾಕೆ ಮೇಡಂ ಹೀಗೇ ಉಳಿದುಬಿಟ್ರಿ?" ಎಂದು ಕನಿಕರ ತೋರಿಸಿದರಂತೆ. "ಜರ್ಮನಿಲಿ ಮಠಗಳ್ನ ಮುಚ್ಸಿ, ಸನ್ಯಾಸಿನೀರ್ನೆಲ್ಲ ಈಚ್ಗೆ ಕರ್ಕಬಂದು ಮದ್ವೆ ಮಾಡ್ಸುದ್ರು ಸಾರ್. ಅಂಥ ಪುಣ್ಯಾತ್ಮರ ಕೈಗೇ ಸಿಗ್ದೆ ಇಲ್ಲಿ ಬಂದು ಹುಟ್ಟಿವ್ನಿ. ನಿಮ್ಮ ಕೈಗೆ ಸಿಕ್ಬುಟ್ಟೇನಾ?" ಎಂದು ಮೇಡಂ ಡಬ್ಬಿಯ ಮುಚ್ಚಳ ತೆಗೆದರಂತೆ. ಆ ಮೇಷ್ಟ್ರು ವಾರವೆಲ್ಲ ಲೈಬ್ರರಿಯಲ್ಲೇ ಊಟ ಮಾಡಿದರು.

ನಾನು ಕುಲುಮೆಯ ಮನೆಯವಳು. ಸಂತೆಬಾಚಹಳ್ಳಿ ಹತ್ತಿರದ ನಮ್ಮೂರಿನಲ್ಲಿ ಅಪ್ಪ ಕುಡುಗೋಲು, ಮಚ್ಚು, ಗುದ್ದಲಿ ಮಾಡುತ್ತಿದ್ದ. ನಮ್ಮಲ್ಲಿ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿನ ಮುಂದೆ ಮಣೆ ಹಾಕಿಕೊಂಡು ಕೂರುವವನು ಗಂಡ. ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು, ಎಲ್ಲಿ ಹೊಡೆಯಬೇಕು ಎಂದು ಚಿಕ್ಕ ಸುತ್ತಿಗೆಯಲ್ಲಿ ಕುಟ್ಟಿ ತೋರಿಸುವುದು ಅವನ ಕೆಲಸ. ಎದುರಿಗೆ ನಿಂತು ದೊಡ್ಡ ಸುತ್ತಿಗೆ, ಸಮ್ಮಟಿಗೆ, ಎತ್ತಿ ಬಡಿಯುವವಳು ಹೆಂಡತಿ. ಬೆವರು ಅವಳದು, ಆಚಾರಿ ಎಂಬ ಹೆಸರು ಅವನದು. ಅಮ್ಮ ಇಪ್ಪತ್ತು ವರ್ಷ ಹೀಗೆ ಬಡಿದಿದ್ದಳು.

ನಾನು ಕೊನೆಯ ವರ್ಷದ ಬಿ.ಎ.ಯಲ್ಲಿದ್ದಾಗ ಅಪ್ಪ ತೀರಿಕೊಂಡ. ಒಂದು ತಿಂಗಳು ಕಳೆದ ಮೇಲೆ ಅಮ್ಮ ತಿದಿ ಒತ್ತಿ ಬೆಂಕಿ ಹಚ್ಚಿ, ಹೋಗಿ ಅಪ್ಪನ ಮಣೆಯ ಮೇಲೆ ಕೂತಳು. ಊರಿಗೆ ಊರೇ ಬಾಯಿಬಾಯಿ ಬಡಿದುಕೊಂಡಿತು. ಹೆಂಗಸು ಸಮ್ಮಟಿಗೆ ಎತ್ತಬಹುದು, ತಿದಿ ಒತ್ತಬಹುದು, ಇದ್ದಿಲು ಹೊರಬಹುದು, ಮಣೆಯ ಮೇಲೆ ಮಾತ್ರ ಕೂರಬಾರದು. ಪಾಂಡವಪುರದಲ್ಲಿ ವೆಲ್ಡಿಂಗ್ ಕೆಲಸಕ್ಕಿದ್ದ ಚಿಕ್ಕಪ್ಪ ನಂಜುಂಡ ಓಡಿಬಂದ. "ಅತ್ಗೆ, ಕುಲುಮೆ ನಾನು ನೋಡ್ಕತೀನಿ. ನೀವು ಮುಂಚಿನಂಗೇ ಸಮ್ಮಟ್ಗೆ ಹೊಡ್ಕಂಡಿರಿ" ಎಂದ, ಏನೋ ದೊಡ್ಡ ಉಪಕಾರ ಮಾಡುವವನ ಹಾಗೆ. ಭಾನುವಾರ ಪಂಚಾಯ್ತಿ ಎಂದು ಗೊತ್ತಾಯಿತು.

ನಾನು ಅಳುತ್ತಾ ಮೇಡಂಗೆ ಹೇಳಿದೆ. "ಅಯ್ಯೋ, ಇದು ನನ್ನ ನೋಟ್‌ಬುಕ್ಕಲ್ಲೇ ಅದೆ ಕಣೇ!" ಎಂದು ಅವರು ಹಿಗ್ಗಿದ ರೀತಿ ನೋಡಿದರೆ, ನಮ್ಮಪ್ಪ ಅವರ ಪಾಠಕ್ಕೆ ಉದಾಹರಣೆಯಾಗಲೆಂದೇ ಸತ್ತ ಹಾಗಿತ್ತು. ನನಗೆ ಕೆಟ್ಟ ಕೋಪ ಬಂತು. ಆದರೂ ನಮ್ಮ ಪರವಾಗಿ ಭಾನುವಾರದ ಮೊದಲ ಬಸ್ಸಿಗೆ ಬಂದಿಳಿದವರು ಅವರೊಬ್ಬರೇ.

ಕುಲುಮೆಯ ಮುಂದೆ ಯಜಮಾನ ದೊಡ್ಡೇಗೌಡರು, ಸುತ್ತ ಊರ ಗಂಡಸರು. ಗಂಜಿ ಹಾಕಿದ ಸೀರೆ ಸರಸರ ಎನ್ನಿಸುತ್ತಾ ಮೇಡಂ ಎದ್ದು ನಿಂತು ನೋಟ್‌ಬುಕ್ಕು ಬಿಡಿಸಿದರು.

"ಗೌಡ್ರೇ, ಜರ್ಮನಿಲಿ ನಾನೂರು ವರ್ಷದ ಹಿಂದೇನೆ, ಕಮ್ಮಾರ ಸತ್ರೆ ಅವನ ಹೆಂಡ್ರು ಕುಲುಮೆ ನಡೆಸ್ಬೋದಿತ್ತು. ಕಸುಬಿನೋರ ಸಂಘವೇ ಒಪ್ತಿತ್ತು."

"ಔದಾ?" ಗೌಡರು ಮುಂದಕ್ಕೆ ಬಾಗಿದರು. "ಎಷ್ಟು ದಿನ?"

ಮೇಡಂಗೆ ಒಂದು ದೊಡ್ಡ ರೋಗವಿತ್ತು. ನೋಟ್‌ಬುಕ್ಕಿನಲ್ಲಿ ಇರುವುದನ್ನು ಮುಚ್ಚಿಡಲು ಅವರಿಗೆ ಬರುತ್ತಿರಲಿಲ್ಲ.

"ಬೋ ಕಡೆ ಒಂದು ವರ್ಷ, ಎರಡು ವರ್ಷ..."

"ಆಮ್ಯಾಕೆ?"

"ಆಮ್ಯಾಕೆ... ಅದೇ ಕಸುಬಿನ ಆಳನ್ನ ಮದ್ವೆ ಆದ್ರೆ ಕುಲುಮೆ ಉಳೀತಿತ್ತು. ಇಲ್ದೋದ್ರೆ ಮುಚ್ಬೇಕಿತ್ತು."

ಗೌಡರು ತೊಡೆ ತಟ್ಟಿದರು. "ನೋಡ್ರಪ್ಪಾ, ಜರ್ಮನಿಯೋರು ಎಷ್ಟು ತಿಳ್ದೋರು! ಲೇ ನಂಜುಂಡ, ನಿಂಗೂ ಮದ್ವೆ ಆಗಿಲ್ಲ ಕಣ್ಲಾ!"

ಗಂಡಸರೆಲ್ಲ ತಲೆದೂಗಿದರು. ತನಗಿಂತ ಎಂಟು ವರ್ಷ ದೊಡ್ಡವಳಾದ ಅತ್ತಿಗೆಯನ್ನು ನೋಡಿ ಚಿಕ್ಕಪ್ಪ ಬೆವೆತುಹೋದ. ಮೇಡಂ ಪೆಚ್ಚಾಗಿ ನೋಟ್‌ಬುಕ್ಕು ಮುಚ್ಚಿದರು. ನನಗಂತೂ ಆ ನೋಟ್‌ಬುಕ್ಕನ್ನು ಕಿತ್ತು ಕುಲುಮೆಗೆ ಹಾಕಿಬಿಡುವಷ್ಟು ಸಿಟ್ಟು.

ಅಷ್ಟರಲ್ಲಿ ಅಮ್ಮ ಒಳಗಿಂದ ಬಂದಳು. "ಮದ್ವೆ ಮಾತು ಅಂಗಿರ್ಲಿ ಗೌಡ್ರೇ. ನಿಮ್ಮ ಕುಡ್ಲು ನಾಕು ದಿನದಿಂದ ಇಲ್ಲೇ ಬಿದ್ದದೆ. ನಂಜುಂಡ ಕೂತ್ಕಂಡು ಹದ ಹಾಕ್ಕೊಡ್ಲಿ, ನೋಡುವ."

ಚಿಕ್ಕಪ್ಪ ಮಣೆಯ ಮೇಲೆ ಕೂತ. ಅಮ್ಮ ಎದುರಿಗೆ ನಿಂತು ಸಮ್ಮಟಿಗೆ ಹೊಡೆದಳು. ಕಡೆಗೆ ಹದ ಹಾಕುವಾಗ ಅಲಗಿನ ಬಣ್ಣ ನೋಡಿ ನೀರಿಗೆ ಅದ್ದಬೇಕು. ಯಾವ ಬಣ್ಣಕ್ಕೆ ಎಂದು ಅಮ್ಮನಿಗೆ ಗೊತ್ತಿತ್ತು, ಚಿಕ್ಕಪ್ಪನಿಗೆ ಗೊತ್ತಿರಲಿಲ್ಲ. ಬೆಳ್ಳಗೆ ಕಾದದ್ದನ್ನು ಹಾಗೇ ಅದ್ದಿದ, ತೆಗೆದು ಕಲ್ಲಿಗೆ ಒಮ್ಮೆ ಕುಟ್ಟಿದ. ಗೌಡರ ಕುಡುಗೋಲು ಎರಡು ತುಂಡಾಯಿತು.

"ಏಳಪ್ಪ" ಎಂದು ಅಮ್ಮ ತಾನು ಕೂತು, ಹೊಸ ಕಬ್ಬಿಣದ ಪಟ್ಟಿಯನ್ನು ಬೆಂಕಿಗಿಟ್ಟಳು. ಈಗ ಎದುರಿಗೆ ನಿಂತು ಬಡಿಯುವವರು ಬೇಕಲ್ಲ? ಅದು ಹೆಂಗಸರ ಕೆಲಸವೆಂದು ಚಿಕ್ಕಪ್ಪ ದೂರ ಸರಿದ. ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿ ಸಮ್ಮಟಿಗೆ ಎತ್ತಿಯೇಬಿಟ್ಟರು. ಮೊದಲ ಏಟು ಬರಿಯ ಅಡಿಗಲ್ಲಿಗೆ ಬಿತ್ತು.

"ಕಬ್ಬಿಣಕ್ಕೆ ಬಡೀರಿ ಮೇಡಮ್ಮೋರೇ. ಅಡಿಗಲ್ಲು ಏನೂ ತಪ್ಪು ಮಾಡಿಲ್ಲ" ಎಂದಳು ಅಮ್ಮ.

ಮಧ್ಯಾಹ್ನದ ಹೊತ್ತಿಗೆ ಹೊಸ ಕುಡುಗೋಲು ತಯಾರಾಯಿತು. ಗೌಡರು ಅದರ ಅಂಚನ್ನು ಹೆಬ್ಬೆರಳಿನಲ್ಲಿ ಸವರಿ ನೋಡಿ, "ಆಯಮ್ಮನೇ ಕೂತ್ಕಳ್ಳಿ. ನಂಗೆ ಕುಯ್ಲು ಆಗ್ಬೇಕು ಕಣ್ರಪ್ಪ" ಎಂದು ಎದ್ದುಹೋದರು. ನ್ಯಾಯ ತೀರ್ಮಾನವಾದದ್ದು ಅಷ್ಟೇ.

ಆದರೆ ಅಂದಿನಿಂದ ಸಮ್ಮಟಿಗೆ ನನ್ನ ಪಾಲಿಗೆ ಬಂತು. ಕಾಲೇಜು ಬಿಡುತ್ತೇನೆ ಎಂದು ಹೇಳಲು ಹೋದರೆ ಮೇಡಂ ನನ್ನನ್ನು ಉಗಿದು ಉಪ್ಪಿನಕಾಯಿ ಹಾಕಿದರು. ದಿನಾ ಬೆಳಿಗ್ಗೆ ಬಸ್ಸಿಗೆ ಮುಂಚೆ ನಾನು, ಭಾನುವಾರ ಪೂರ್ತಿ ಅವರು ಎಂದು ಒಪ್ಪಂದವಾಯಿತು. ಪರೀಕ್ಷೆ ಮುಗಿಯುವವರೆಗೆ ಮೇಡಂ ಒಂದು ಭಾನುವಾರವೂ ತಪ್ಪಿಸಲಿಲ್ಲ. ಒಂದೊಂದು ಏಟಿಗೆ ಒಂದೊಂದು ಪ್ರಶ್ನೆ ಎಸೆಯುತ್ತಿದ್ದರು. ನಾನು ಮೂಲೆಯಲ್ಲಿ ಕೂತು ಉತ್ತರ ಹೇಳುತ್ತಿದ್ದೆ, ತಪ್ಪಿದರೆ ಏಟು ಜೋರಾಗುತ್ತಿತ್ತು. ನಾನು ಬಿ.ಎ. ಪಾಸಾದದ್ದು ಅಲ್ಲಿಯೇ.

ಆ ವರ್ಷವೇ ಅವರಿಗೆ ಶ್ರೀರಂಗಪಟ್ಟಣಕ್ಕೆ ವರ್ಗವಾಯಿತು. ಬಸ್ಸು ಹತ್ತಿಸಲು ಹೋದಾಗ ಅವರ ಅಂಗೈ ನೋಡಿದೆ, ಜಡ್ಡುಗಟ್ಟಿತ್ತು. "ಅವತ್ತು ನಾ ಎಲ್ಲಾನೂ ಕೆಡಿಸ್ಬುಟ್ಟಿದ್ದೆ ಕಣೇ. ನಿಮ್ಮಮ್ಮ ಉಳಿಸ್ಕಂಡ್ಲು" ಎಂದರು. ನಾನು ಮರ್ಯಾದೆ ಬಿಟ್ಟು ಬಸ್ ಸ್ಟ್ಯಾಂಡಿನಲ್ಲೇ ಅತ್ತುಬಿಟ್ಟೆ. ಅವರು ಕಿಟಕಿಯಿಂದ ಗದರಿಸುತ್ತಲೇ ಹೋದರು. ಆಮೇಲೆ ನಾನು ಅವರನ್ನು ನೋಡಲಿಲ್ಲ.

ಮುಂದಿನ ಭಾನುವಾರ ಕುಲುಮೆಯ ತುಂಬ ಕೆಲಸವಿತ್ತು, ನನಗೆ ಜ್ವರ. ಪಾಂಡವಪುರದ ಕೆಲಸ ಬಿಟ್ಟು ಬಂದಿದ್ದ ಚಿಕ್ಕಪ್ಪ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದ. ಅಮ್ಮ ತಲೆ ಎತ್ತಲಿಲ್ಲ, ಮಣೆಯಿಂದ ಏಳಲೂ ಇಲ್ಲ. ಕೊನೆಗೆ ಅವನೇ ಒಳಗೆ ಬಂದು, ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಹೆಂಡತಿಯರು ನಿಲ್ಲುವ ಜಾಗದಲ್ಲಿ ನಿಂತು ಸಮ್ಮಟಿಗೆ ಎತ್ತಿಕೊಂಡ. ಅಮ್ಮ ಚಿಕ್ಕ ಸುತ್ತಿಗೆಯಲ್ಲಿ ಕುಟ್ಟಿ ಜಾಗ ತೋರಿಸಿದಳು, ಅವನು ಬಡಿದ.

ಇದನ್ನು ಮೇಡಂಗೆ ಬರೆದೆ. ಶ್ರೀರಂಗಪಟ್ಟಣದ ಗಂಜಾಂನಿಂದ ಒಂದು ಕಾರ್ಡು ಬಂತು. ಅದರಲ್ಲಿ ಇದ್ದದ್ದು ಇಷ್ಟೇ: "ನೋಟ್‌ಬುಕ್ಕು ಪೂರ್ತಿ ಹುಡುಕಿದೆ. ಜರ್ಮನಿಯಲ್ಲಿ ಇಂಥದ್ದು ಎಲ್ಲೂ ಆಗಿಲ್ಲ."