ಅತ್ತೆ ನೋಡಿಕೊಂಡಿದ್ದ ಗ್ರಾಮಫೋನ್ ಅಂಗಡಿ

ತೊಂಬತ್ತರ ದಶಕದ ಕೊನೆಯ ಭಾಗ. ಚಾಮರಾಜಪೇಟೆಯ ನಮ್ಮ ಮನೆಗೆ ಸುಣ್ಣ ಹೊಡೆಸಲೆಂದು ಅಟ್ಟ ಖಾಲಿ ಮಾಡುತ್ತಿದ್ದಾಗ, ತುಕ್ಕು ಹಿಡಿದ ಬಿಸ್ಕತ್ ಡಬ್ಬಿಯಲ್ಲಿ ನಾಲ್ಕು ಫೋಟೊಗಳು ಸಿಕ್ಕವು. ನಾಲ್ಕೂ ಬಳೇಪೇಟೆಯಲ್ಲಿದ್ದ ತಾತನ ಗ್ರಾಮಫೋನ್ ಅಂಗಡಿಯವು. ಆ ಅಂಗಡಿಯ ಕಥೆ ಕೇಳಿಕೊಂಡೇ ಬೆಳೆದವಳು ನಾನು. ಆದರೆ ಯಾವ ಕಥೆಯಲ್ಲೂ ಬರದ ಒಬ್ಬ ಹುಡುಗಿ ನಾಲ್ಕರಲ್ಲೂ ಇದ್ದಳು. ತಾತನ ಪಕ್ಕದಲ್ಲಿ, ಹಾಡಿನ ಪ್ಲೇಟು ಹಿಡಿದು ನಿಂತಿದ್ದಳು.

ಸೋದರತ್ತೆಗೆ ತೋರಿಸಿದೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ನಮ್ಮ ಜೊತೆಯಲ್ಲೇ ಇದ್ದರು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ನಾನೇ ಕಣೆ. ಆರು ವರ್ಷ ಅಂಗಡಿ ನೋಡ್ಕೊಂಡೆ. ನಿಮ್ಮ ತಾತಂಗೆ ರಾಗ ತಿಳೀತಿರ್ಲಿಲ್ಲ. ಬಂದೋರು ಎರಡು ಸಾಲು ಗುನುಗಿದ್ರೆ ನಾನು ಪ್ಲೇಟ್ ತೆಗೆದುಕೊಡ್ತಿದ್ದೆ."

"ಇಷ್ಟು ವರ್ಷ ಹೇಳ್ಲೇ ಇಲ್ವಲ್ಲ ಅತ್ತೆ?"

"ಯಾರು ಕೇಳಿದ್ರು?"

ಆ ವಾರವೇ ಮಲ್ಲೇಶ್ವರದಿಂದ ದೊಡ್ಡಪ್ಪ ಬಂದರು. ಅತ್ತೆಯ ಸ್ವಂತ ಅಣ್ಣ. ಅವರ ಸಂಘದವರು ಪೇಟೆಯ ಹಳೇ ಅಂಗಡಿಗಳ ಬಗ್ಗೆ ಸ್ಮರಣ ಸಂಚಿಕೆ ತರುತ್ತಿದ್ದರಂತೆ. ಒಂದು ಫೋಟೊ ಕೇಳಿದರು. ಸಂತೋಷದಿಂದ ಕೊಟ್ಟೆ.

ಸಂಚಿಕೆ ಬಂತು. ಚಿತ್ರದಲ್ಲಿ ತಾತ ಒಬ್ಬರೇ ಇದ್ದರು. ಆಮೇಲೆ ಮೂಲ ಫೋಟೊ ವಾಪಸು ಬಂತು. ಅತ್ತೆ ಇದ್ದ ಅರ್ಧವನ್ನು ಕತ್ತರಿಯಿಂದಲೇ ಕತ್ತರಿಸಿದ್ದರು.

"ವಿಧವೆ ಮಗಳನ್ನ ಅಂಗಡೀಲಿ ನಿಲ್ಲಿಸಿ ದುಡಿಸಿದ್ರು ಅನ್ನಲ್ವಾ ಜನ? ಮನೆತನದ ಮರ್ಯಾದೆ ನೋಡ್ಬೇಕಮ್ಮ," ಅಂದರು ದೊಡ್ಡಪ್ಪ, ಫೋನಿನಲ್ಲಿ, ಸಮಾಧಾನವಾಗಿ.

ಆ ಸಮಾಧಾನವೇ ನನ್ನನ್ನು ಉರಿಸಿದ್ದು. ದುಡಿಸಿಕೊಳ್ಳುವಾಗ ಇಲ್ಲದ ನಾಚಿಕೆ ಅಚ್ಚು ಹಾಕಿಸುವಾಗ ಎಲ್ಲಿಂದ ಬಂತು? ಅದೇ ಅಂಗಡಿಯ ಆದಾಯದಲ್ಲಿ ಓದಿ ಇಂಜಿನಿಯರ್ ಆದವರು ಇವರು. ಕತ್ತರಿಸಿದ ಚೂರು ಎಲ್ಲಿ ಎಂದು ಕೇಳಿದೆ. ಬಿಸಾಡಿದೆ ಅಂದರು.

ಉಳಿದ ಮೂರನ್ನು ಗಾಂಧಿ ಬಜಾರಿನ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದೆ. ಮುಂದಿನ ಸಲ ಬಂದಾಗ ದೊಡ್ಡಪ್ಪ ಕೂರಲೇ ಇಲ್ಲ.

"ತೆಗಿ ಅದನ್ನ."

"ತೆಗೆಯಲ್ಲ ದೊಡ್ಡಪ್ಪ. ನಿಮ್ಮನ್ನ ಓದಿಸಿದೋರು ಅತ್ತೆ."

ಕಾಫಿ ಮುಟ್ಟದೆ ಹೊರಟುಹೋದರು. ಅತ್ತೆಗೆ ಖುಷಿಯಾಗುತ್ತದೆ ಅಂದುಕೊಂಡಿದ್ದೆ. "ಎಷ್ಟಾದ್ರೂ ಅಣ್ಣ. ಮುಖದ ಮೇಲೆ ಹಾಗೆ ಅನ್ನಬಾರದಿತ್ತು ಕಣೆ," ಎಂದು ನನ್ನನ್ನೇ ಬೈದರು. ಅದಕ್ಕೂ ಸಿಟ್ಟು ಬಂತು. ಆದರೆ ಫೋಟೊ ತೆಗಿ ಎಂದು ಅವರು ಹೇಳಲಿಲ್ಲ.