ಹಣೆಯ ಮೇಲಿನ ಎರಡನೇ ಸುಳಿ

ಬಂದರಿನ ಕುದುರೆ ಶೆಡ್ಡಿನಲ್ಲಿ ಎಲ್ಲರೂ ಆಕೆಯನ್ನು ಸುಳಿಯಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತು ವರ್ಷ ಆಕೆ ಮಾಡಿದ್ದು ಒಂದೇ ಕೆಲಸ. ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಮಾರಾಟವಾಗಿ ಹಡಗು ಹತ್ತುವ, ಹಡಗು ಇಳಿಯುವ ಕುದುರೆಗಳ ಚಿತ್ರ ಬರೆಯುವುದು.

ಚಿತ್ರವೆಂದರೆ ಗೋಡೆಗೆ ತೂಗುಹಾಕುವಂಥದ್ದಲ್ಲ. ಇಂಥ ಪ್ರತಿ ಕುದುರೆಗೂ ಒಂದು ಪಾಸ್‌ಪೋರ್ಟ್ ಇರುತ್ತದೆ. ಅದರೊಳಗೆ ಬರೀ ಗೆರೆಯಲ್ಲಿ ಅಚ್ಚಾದ ಕುದುರೆಯ ಆಕಾರ: ಎಡಮಗ್ಗುಲು, ಬಲಮಗ್ಗುಲು, ಎದುರುಮುಖ. ಹಣೆಯ ಬಿಳಿ ಬೊಟ್ಟು, ಕಾಲಿನ ಬಿಳುಪು ಇದ್ದರೆ ಕೆಂಪು ಶಾಯಿಯಲ್ಲಿ ತುಂಬಬೇಕು. ಕೂದಲು ತಿರುಗಿ ಸುಳಿಯಾದ ಕಡೆಯಲ್ಲೆಲ್ಲ ಕರಿ ಶಾಯಿಯ ಸಣ್ಣ ಇಂಟು ಗುರುತು ಹಾಕಬೇಕು. ಒಂದು ಕುದುರೆಯ ಸುಳಿಗಳು ಇದ್ದಂತೆ ಇನ್ನೊಂದರವು ಇರುವುದಿಲ್ಲ.

ಮೈಮೇಲೆ ಒಂದೂ ಬಿಳಿ ಗುರುತಿಲ್ಲದ ಕಂದು ಕುದುರೆ ಬಂತೆಂದರೆ ಉಳಿದವರಿಗೆ ತಲೆನೋವು, ಸುಳಿಯಕ್ಕನಿಗೆ ಖುಷಿ. ಕಣ್ಣು ಮುಚ್ಚಿ ಬೆರಳು ಆಡಿಸುತ್ತಿದ್ದಳು. ಬೆಳಗಿನ ಹೊತ್ತು ಶೆಡ್ಡಿನ ಒಂದು ಬಾಗಿಲಿನಿಂದ ಕಡಲ ಮಂಜು ಒಳಗೆ ಬಂದು, ಅವಸರವಿಲ್ಲದೆ ಇನ್ನೊಂದು ಬಾಗಿಲಿನಿಂದ ಹೊರಗೆ ಹೋಗುತ್ತಿತ್ತು. ನಿಂತಲ್ಲೇ ನಿದ್ದೆಹೋದ ಕುದುರೆಗಳ ಉಸಿರು ಅದರಲ್ಲಿ ಸೇರಿ, ಯಾವುದು ಕಡಲಿನದು, ಯಾವುದು ಕುದುರೆಯದು ತಿಳಿಯುತ್ತಿರಲಿಲ್ಲ. ಬೆರಳ ತುದಿಯಲ್ಲಿ ಕೂದಲು ಮೆಲ್ಲಗೆ ತಿರುಗಿ ನಿಲ್ಲುತ್ತಿತ್ತು. ಈ ಕುದುರೆ ತಾಯಿಯ ಹೊಟ್ಟೆಯಲ್ಲಿ ಒಂದು ಹಿಡಿಯಷ್ಟಿದ್ದಾಗ ಏನೋ ಒಂದು ಇಲ್ಲಿ ತಿರುಗಿತ್ತು, ಇನ್ನೂ ತಿರುಗುತ್ತಲೇ ಇದೆ ಎಂದು ಆಕೆಗೆ ಅನ್ನಿಸುತ್ತಿತ್ತು. ಆಕೆಯ ಕನಸಿನಲ್ಲಿ ಕುದುರೆಗಳೇ ಇರುತ್ತಿರಲಿಲ್ಲವಂತೆ. ಸುಳಿಗಳು ಮಾತ್ರ, ನೀರಿನ ಮೇಲೆ ನಡೆದುಕೊಂಡು ಹೋಗುತ್ತಿದ್ದವಂತೆ.

ಆಕೆಯ ಗಂಡ ದರ್ಜಿ. ರಜೆಯ ಮಧ್ಯಾಹ್ನ ಮಲಗಿದ್ದಾಗ ತಲೆಯ ಮೇಲೆ ಬೆರಳು ಓಡಾಡಿದಂತಾಗಿ ಅವನಿಗೆ ಎಚ್ಚರವಾಗುತ್ತಿತ್ತು.

"ಏನೇ, ನಂದೂ ಪಾಸ್‌ಪೋರ್ಟ್ ಮಾಡ್ತಿದ್ದೀಯಾ?"

"ಎಲ್ಲಿಂದ ಮಾಡ್ಲಿ? ಗುರುತು ಹಾಕೋಕೆ ನಾಲ್ಕು ಕೂದ್ಲಾದ್ರೂ ಬೇಡ್ವಾ?"

"ಹಾಗಾದ್ರೆ ನನ್ನನ್ನ ಯಾರೂ ಹಡಗು ಹತ್ಸಲ್ಲ. ನಿಶ್ಚಿಂತೆ," ಎಂದು ಮಗ್ಗುಲಾಗುತ್ತಿದ್ದ.

ಹಡಗು ಹತ್ತುವ ಕುದುರೆಗಳಲ್ಲಿ ಎರಡು ಜಾತಿ. ಒಂದಕ್ಕೆ ಕಂಬಳಿ, ಸ್ವಂತ ಆಳು, ದಿನಕ್ಕೆರಡು ಸಲ ಜ್ವರ ನೋಡುವ ಡಾಕ್ಟರು. ಅವು ಓಡಲು, ಮರಿ ಹಾಕಲು ಹೋಗುವಂಥವು. ಇನ್ನೊಂದು, ಒಂದೇ ಲಾರಿಯಲ್ಲಿ ಒತ್ತೊತ್ತಾಗಿ ನಿಂತು ಬರುವ ಮುದಿ ಕುದುರೆಗಳು. ಇವುಗಳ ಕಾಗದದಲ್ಲಿ 'ಉದ್ದೇಶ' ಎಂಬಲ್ಲಿ 'ಸವಾರಿಗೆ' ಎಂದಿರುತ್ತದೆ. ನೆಟ್ಟಗೆ ನಿಲ್ಲಲಾಗದ ಕುದುರೆಯ ಬೆನ್ನ ಮೇಲೆ ಆಚೆ ದಡದಲ್ಲಿ ಯಾವ ಪುಣ್ಯಾತ್ಮ ಕೂರುತ್ತಾನೆ? ಅಲ್ಲಿರುವುದು ಕಸಾಯಿಖಾನೆ. ಡಾಕ್ಟರಿಗೆ ಗೊತ್ತು, ಲಾರಿಯವನಿಗೆ ಗೊತ್ತು, ಬಂದರಿನ ಕಾವಲುಗಾರನಿಗೂ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವುದಕ್ಕೆ ನಾವೊಂದು ಮರ್ಯಾದಸ್ಥ ಹೆಸರು ಇಟ್ಟುಕೊಂಡಿದ್ದೇವೆ: ದಾಖಲೆ ಸರಿಯಿದೆ. ಸುಳಿಯಕ್ಕನೂ ಇಪ್ಪತ್ತು ವರ್ಷ ಆ ದಾಖಲೆಗೆ ಸಹಿ ಹಾಕಿದಳು. ಅದನ್ನು ಮುಚ್ಚಿಟ್ಟು ಆಕೆಯ ಕತೆ ಹೇಳುವುದಕ್ಕಾಗುವುದಿಲ್ಲ.

ಒಂದು ಬೆಳಿಗ್ಗೆ ಹದಿನಾಲ್ಕು ಕುದುರೆಗಳ ಲಾರಿ ಬಂತು. ಜೊತೆಗೆ ಅವುಗಳ ಏಜೆಂಟ್ ಸೆಂಟಣ್ಣ. ಆತ ಮೈಗೆ ಪೂಸಿಕೊಳ್ಳುವ ಸೆಂಟಿಗೆ, ಆತ ಬಾಗಿಲಲ್ಲಿರುವಾಗಲೇ ಕುದುರೆಗಳು ಸೀನುತ್ತಿದ್ದವು. ಹದಿಮೂರು ಕುದುರೆಗಳ ಸುಳಿಗಳು ಕಾಗದಕ್ಕೆ ಹೊಂದಿದವು. ಹದಿನಾಲ್ಕನೆಯದು ಗುರುತಿಲ್ಲದ ಕಂದು ಹೆಣ್ಣು ಕುದುರೆ. ಪಾಸ್‌ಪೋರ್ಟಿನ ಪ್ರಕಾರ ಒಂಬತ್ತು ವರ್ಷ. ಒಳಗಿನ ಚಿತ್ರ ಸುಳಿಯಕ್ಕನೇ ಬರೆದದ್ದು. ಡಾಕ್ಟರು ಕುತ್ತಿಗೆಗೆ ಯಂತ್ರ ಹಿಡಿದು, ಚರ್ಮದಡಿ ಕೂರಿಸಿದ ಗುರುತಿನ ಚಿಪ್ಪಿನ ನಂಬರು ಪಾಸ್‌ಪೋರ್ಟಿಗೆ ಸರಿಯಿದೆ ಎಂದರು.

ಸುಳಿಯಕ್ಕ ಕಣ್ಣು ಮುಚ್ಚಿದಳು. ಕಣ್ಣುಗಳ ನಡುವೆ ಒಂದು ಸುಳಿ. ಕಾಗದದಲ್ಲೂ ಇತ್ತು. ಬೆರಳು ಮೇಲೆ ಸರಿಯಿತು. ಮುಂಗೂದಲಿನ ಕೆಳಗೆ, ಅವಿತುಕೊಂಡಂತೆ, ಇನ್ನೊಂದು. ಸಣ್ಣದು, ಹಿಮ್ಮುಖವಾಗಿ ತಿರುಗಿದ್ದು.

ಬೆರಳು ಅಲ್ಲೇ ನಿಂತಿತು. ಕೆಲಸಕ್ಕೆ ಸೇರಿದ ಮೊದಲ ವಾರ. ಹಡಗಿನಿಂದ ನೀಲಿ ಕಂಬಳಿ ಹೊದ್ದು ಎರಡು ವರ್ಷದ ಕಂದು ಮರಿಯೊಂದು ಇಳಿದಿತ್ತು, ಪಂದ್ಯಕ್ಕೆಂದು ದೂರದಿಂದ ಕೊಂಡು ತಂದದ್ದು. ಸುಳಿಯಕ್ಕ ಬರೆದ ಮೊದಲ ಚಿತ್ರ ಅದರದು. ಆ ಸಣ್ಣ ಸುಳಿಯನ್ನು ಬಿಟ್ಟುಬಿಟ್ಟಿದ್ದಳು. ಕೆಲಸ ಕಲಿಸುತ್ತಿದ್ದ ಮುದುಕ ಆಕೆಯ ಕೈಹಿಡಿದು ಮುಂಗೂದಲಿನೊಳಗೆ ತೂರಿಸಿದ್ದ. "ಕಣ್ಣನ್ನ ನಂಬಬೇಡಮ್ಮ, ಬೆರಳನ್ನ ಕೇಳು," ಎಂದಿದ್ದ.

ಕುದುರೆ ಗದ್ದವನ್ನು ಆಕೆಯ ಹೆಗಲ ಮೇಲೆ ಇಟ್ಟಿತು. ಭಾರವಾಗಿತ್ತು, ಬೆಚ್ಚಗಿತ್ತು. ಮಂಜಿನಲ್ಲಿ ಹಡಗು ಒಮ್ಮೆ ಕೂಗಿತು. ಇಪ್ಪತ್ತು ವರ್ಷ ಎಲ್ಲೆಲ್ಲೋ ಓಡಿ, ದಣಿದು, ಮತ್ತೆ ಅದೇ ಬೆರಳಿನ ಕೆಳಗೆ ಬಂದು ನಿಂತಿತ್ತು ಆ ಮರಿ.

ಮೋಸ ಸರಳವಾಗಿತ್ತು. ಓಡುವ ಕಾಲವೆಲ್ಲ ನೋವಿನ ಔಷಧಿ ತಿಂದ ಕುದುರೆಯ ಮಾಂಸವನ್ನು ಮಾರುವಂತಿಲ್ಲ, ಆ ಔಷಧಿ ಅದರ ಪಾಸ್‌ಪೋರ್ಟಿನಲ್ಲೇ ದಾಖಲಾಗಿರುತ್ತದೆ. ಅದಕ್ಕೇ ಸತ್ತುಹೋದ ಎಳೆಯ ಕುದುರೆಯೊಂದರ ಪಾಸ್‌ಪೋರ್ಟ್, ಚಿಪ್ಪು ಎರಡೂ ಇದರ ಪಾಲಿಗೆ ಬಂದಿದ್ದವು.

"ಡಾಕ್ಟ್ರೇ, ಹಲ್ಲು ನೋಡಿದ್ರಾ? ಒಂಬತ್ತು ವರ್ಷದ ಹಲ್ಲಾ ಇದು?" ಸುಳಿಯಕ್ಕ ಕೇಳಿದಳು. ಡಾಕ್ಟರು ಗಡಿಯಾರ ನೋಡಿದರು.

"ಹಣೇಲಿ ಎರಡು ಸುಳಿ ಇದೆ. ಕಾಗದದಲ್ಲಿ ಒಂದೇ."

ಸೆಂಟಣ್ಣ ನಕ್ಕ. "ಅಕ್ಕಾ, ಆ ಚಿತ್ರ ನೀವೇ ಬರ್ದಿದ್ದಲ್ವಾ? ಒಂದು ಬಿಟ್ಟೋಗಿತ್ತು ಅಂತ ಬರ್ದುಬಿಡಿ. ತಿದ್ದುಪಡಿಗೆ ಜಾಗ ಇಲ್ಲೇ ಇದೆ ನೋಡಿ. ಮನುಷ್ಯರು ತಪ್ಪು ಮಾಡೋದಿಲ್ವಾ?"

ಮಾಡುತ್ತಾರೆ. ಇಂಥದ್ದೇ ಸುಳಿಯನ್ನು ಬಿಟ್ಟ ಕೈ ಅದು. ಸುಳಿಯಕ್ಕನಿಗೆ ಒಂದು ಗಳಿಗೆ ತನ್ನ ಬೆರಳಿನ ಮೇಲೇ ಅನುಮಾನ ಬಂತು.

ಡಾಕ್ಟರು ದನಿ ತಗ್ಗಿಸಿದರು. "ಅಕ್ಕಾ, ಮುಂದೆ ಬರೀ ಚಿಪ್ಪೇ ಸಾಕು ಅಂತ ಮೇಲಿನವ್ರು ಹೇಳ್ತಿದ್ದಾರೆ. ನಿಮ್ಮ ಮೇಜು ಇರ್ಬೇಕೋ ಬೇಡ್ವೋ ಅಂತ ಮಾತು ನಡೀತಿದೆ. ಇವತ್ತೇ ರಗಳೆ ಬೇಕಾ?"

ಆಕೆ ಕುದುರೆಯ ಬಲಗಡೆಗೆ ಹೋಗಿ, ಕುತ್ತಿಗೆಯ ಮೇಲೆ ಕಿವಿಯಿಂದ ಭುಜದವರೆಗೆ ಬೆರಳು ಎಳೆದಳು. ಇನ್ನೊಮ್ಮೆ ಎಳೆದಳು. ಕೂದಲು ಎಲ್ಲೂ ತಿರುಗದೆ ಸಾಫಾಗಿ ಹರಿದುಹೋಗಿತ್ತು.

"ಸರಿ ಕಣಪ್ಪ, ಹಣೇದು ಬಿಟ್ಟಿದ್ದೆ ಅಂತಾನೇ ಇಟ್ಕೋ. ಕುತ್ತಿಗೆಯ ಬಲಗಡೆ ಒಂದು ಹಾಕಿದ್ದೀನಲ್ಲ ಇಲ್ಲಿ, ಅದೆಲ್ಲಿ? ದಾರೀಲಿ ಬಿದ್ದೋಯ್ತಾ?"

ಲಾರಿಯವನು ಕಿಸಕ್ಕನೆ ನಕ್ಕು, ಸೆಂಟಣ್ಣನ ಮುಖ ನೋಡಿ ಕೆಮ್ಮಿದ.

"ಚಿಪ್ ಸರಿಯಿದೆಯಲ್ಲಕ್ಕ..." ಎಂದ ಸೆಂಟಣ್ಣ.

"ಅದನ್ನ ಸೂಜೀಲಿ ಚುಚ್ಚಿ ಕೂರ್ಸಿದ್ದೀರಿ. ಇದನ್ನ ಅದರವ್ವ ಕೊಟ್ಟಿದ್ದು."

ಖಾಲಿ ನಮೂನೆಯೊಂದನ್ನು ತೆಗೆದು ಬರೆಯತೊಡಗಿದಳು. ಹಣೆಗೆ ಎರಡು ಇಂಟು, ಕುತ್ತಿಗೆ ಖಾಲಿ. ದಿನಾಂಕ, ಸಹಿ. ಹಳೆಯ ಚಿತ್ರದ ಪಕ್ಕದಲ್ಲಿ ಅದನ್ನಿಟ್ಟಳು. ಒಂದೇ ಕೈಯ ಎರಡು ಚಿತ್ರ, ಎರಡು ಕುದುರೆ. ಡಾಕ್ಟರು ಬಹಳ ಹೊತ್ತು ನೋಡಿದರು. ಈಗ ಅವರು ಹಳೆಯ ಕಾಗದಕ್ಕೆ ಸಹಿ ಹಾಕಿದರೆ ಅದು ಅವರ ಕುತ್ತಿಗೆಗೇ ಬರುತ್ತಿತ್ತು.

"ಇದನ್ನ ಪಕ್ಕಕ್ಕೆ ಕಟ್ಟಿ," ಎಂದರು.

ಕುದುರೆ ಉಳಿಯಿತು. ಉಳಿದ ಹದಿಮೂರನ್ನು ಹೊತ್ತು ಲಾರಿ ಹಡಗಿನ ಬಾಯಿಯೊಳಗೆ ಹೋಯಿತು, ಮಂಜು ಮುಚ್ಚಿಕೊಂಡಿತು.

ಆ ಕುದುರೆ ನನ್ನದು ಎನ್ನಲು ಆಮೇಲೆ ಯಾರೂ ಬರಲಿಲ್ಲ. ಬಂದರೆ ಮೋಸವನ್ನೂ ನನ್ನದು ಎನ್ನಬೇಕಾಗುತ್ತಿತ್ತು. ಈಗ ಅದು ಪಶು ಆಸ್ಪತ್ರೆಯ ಹಿಂದಿನ ಹುಲ್ಲಿನಲ್ಲಿದೆ. ಎರಡು ತಿಂಗಳಲ್ಲಿ ಸುಳಿಯಕ್ಕನ ಮೇಜು ಎತ್ತಿದರು. ಅಲ್ಲಿ ಯಂತ್ರಗಳ ಕಪಾಟು ಬಂದಿದೆ. ಮಧ್ಯಾಹ್ನಗಳಲ್ಲಿ ಆಕೆ ಹುಲ್ಲಿನ ಕಡೆ ಹೋಗಿ, ಕುದುರೆ ನಿದ್ದೆಹೋಗುವವರೆಗೆ ಹಣೆಯ ಮೇಲೆ ಬೆರಳಿಟ್ಟು ನಿಂತಿರುತ್ತಾಳೆ.

ಒಂದು ದಿನ ಆಕೆ ಮನೆಗೆ ಬಂದಾಗ, ಗಂಡ ಬಟ್ಟೆಯ ಅಳತೆಗೆಂದು ಕಂದು ಕಾಗದದ ಸುರುಳಿ ಬಿಚ್ಚಿ ನಿಂತಿದ್ದ. ಕಾಗದದ ಉದ್ದಕ್ಕೂ ಕುದುರೆಗಳು, ಮೈತುಂಬ ಇಂಟು ಗುರುತುಗಳು. ಎಣಿಸಿದ. ಹದಿಮೂರು.

"ಇವು ಯಾರವೇ?"

"ಅವತ್ತು ಹೋದ್ವಲ್ಲ, ಅವು. ಅವುಗಳ ಕಾಗದ ಸರಿಯಿತ್ತು."

ದರ್ಜಿ ಕತ್ತರಿಯನ್ನು ಕಾಗದದ ಮೇಲಿಂದ ಎತ್ತಿ ಆಚೆ ಇಟ್ಟ.